ಟೊಮೆಟೊ ಕೊಳೆತರೆ ಫ್ರಿಜ್ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಅಡುಗೆಮನೆ ಸಲಹೆಗಳು ಬಂದಿದ್ದವು. ಟೊಮೆಟೊ ತಂದ ಕೂಡಲೇ ತೊಳೆದು, ಕವರ್‌ಗೆ ಹಾಕಿ, ಫ್ರಿಜ್‌ನಲ್ಲಿಟ್ಟರೆ ಬಹಳ ದಿನ ಕೆಡುವುದಿಲ್ಲ ಅಂತ ಅದರಲ್ಲಿತ್ತು. ನಮ್ಮ ಮನೆಯವರು ಅದನ್ನು ಜೋರಾಗಿ ಓದಿ, ನನ್ನ ಮುಖ ನೋಡಿ ನಕ್ಕರು. ತೊಳೆಯೋದು, ಕವರ್ ಕಟ್ಟೋದು, ತಂದವರೇ ಫ್ರಿಜ್‌ಗೆ ತುರುಕೋದು, ಈ ಮೂರರಿಂದಲೇ ಟೊಮೆಟೊ ಬೇಗ ಹಾಳಾಗೋದು ಅಂತ ನಾನು ಮನೆಯಲ್ಲಿ ಯಾವಾಗಲೂ ಗೊಣಗುತ್ತಿರುತ್ತೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿ ಹಾಕಬೇಡಿ.

ನಾನು ಶ್ರೀರಾಮಪುರದವನು, ಫ್ರಿಜ್ ಮೆಕ್ಯಾನಿಕ್. ಮಲ್ಲೇಶ್ವರ, ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್, ಬಸವೇಶ್ವರನಗರ ನನ್ನ ಓಡಾಟದ ಏರಿಯಾ. ಬೇರೆಯವರ ಫ್ರಿಜ್ ಒಳಗೆ ಏನೇನಿದೆ ಅಂತ ನನಗೆ ಗೊತ್ತಿರುವಷ್ಟು ಅವರ ನೆಂಟರಿಗೂ ಗೊತ್ತಿರಲಿಕ್ಕಿಲ್ಲ. ಮೂರು ದಿನದ ಹುಳಿ, ಹೋದ ಹಬ್ಬದ ಒಬ್ಬಟ್ಟು, ತೆರೆಯದೇ ಬಿಟ್ಟ ಸಾಸ್ ಪೊಟ್ಟಣಗಳ ರಾಶಿ, ಎಲ್ಲಾ ನೋಡಿದ್ದೇನೆ. ಬೈಯೋಕೆ ನನಗೇನು ಹಕ್ಕಿಲ್ಲ, ಬಿಡಿ.

ನಮಗೆ ಬರುವ ಫೋನ್‌ಗಳಲ್ಲಿ ಒಂದು ಖಾಯಂ ದೂರು ಇದೆ. "ಅಣ್ಣಾ, ಕೂಲಿಂಗ್ ಸರಿಯಿಲ್ಲ. ತರಕಾರಿ ಎಲ್ಲಾ ಕೊಳೀತಿದೆ." ಹೋಗಿ ನೋಡುತ್ತೇನೆ. ಫ್ರಿಜ್ ಒಳಗೆ ರಾತ್ರಿಯಿಂದ ಇರುವ ನೀರಿನ ಬಾಟಲ್ ಒಂದನ್ನು ಈಚೆ ತೆಗೆದು ಥರ್ಮಾಮೀಟರ್ ಕಡ್ಡಿ ಅದ್ದುತ್ತೇನೆ. ಒಳಗಿನ ಗಾಳಿ ಬಾಗಿಲು ತೆಗೆದ ತಕ್ಷಣ ಬಿಸಿಯಾಗುತ್ತದೆ, ಅದನ್ನು ಅಳೆದರೆ ಸುಳ್ಳು ಹೇಳುತ್ತೆ. ನೀರು ಸುಳ್ಳು ಹೇಳೋದಿಲ್ಲ. 4 ಡಿಗ್ರಿ, ಇಲ್ಲ 5 ಡಿಗ್ರಿ ಇರುತ್ತದೆ. ಅಂದರೆ ಫ್ರಿಜ್ ಚೆನ್ನಾಗಿದೆ. ಗ್ಯಾಸ್ ಇದೆ, ಕಂಪ್ರೆಸರ್ ಹೊತ್ತಿಗೆ ಸರಿಯಾಗಿ ಕಟ್ ಆಗ್ತಿದೆ, ಬಾಗಿಲಿನ ರಬ್ಬರ್ ಬಿಗಿಯಾಗಿದೆ. "ಯಾವ ತರಕಾರಿ ಕೊಳೀತಿದೆ ತೋರಿಸಿ" ಅಂದರೆ, ಹತ್ತರಲ್ಲಿ ಎಂಟು ಮನೆಯಲ್ಲಿ ತೋರಿಸೋದು ಟೊಮೆಟೊ.

ಮಲ್ಲೇಶ್ವರದಲ್ಲಿ ಒಬ್ಬರು ಅಜ್ಜಿ ಇದ್ದಾರೆ, ನನ್ನ ಹಳೇ ಗಿರಾಕಿ. ಅವರ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಎಲ್ಲರ ಮನೆಯದ್ದೂ ಹೇಳಿದ ಹಾಗೆ. ತರಕಾರಿ ಡಬ್ಬಿ ಎಳೆದರು. ಗಂಟು ಹಾಕಿದ ಪ್ಲಾಸ್ಟಿಕ್ ಕವರ್. 2016ರಲ್ಲೇ ರಾಜ್ಯದಲ್ಲಿ ಈ ಕ್ಯಾರಿ ಬ್ಯಾಗ್ ನಿಷೇಧ ಆಗಿದೆ, ಆದರೆ ಫ್ರಿಜ್ ಒಳಗೆ ಇನ್ನೂ ಅದರದ್ದೇ ರಾಜ್ಯಭಾರ. ಕವರ್ ಒಳಗೆಲ್ಲಾ ನೀರಿನ ಹನಿ. ಟೊಮೆಟೊ ಮೈ ಮೇಲೆ ಸಣ್ಣ ಸಣ್ಣ ಗುಳಿ, ಉಗುರಿನಲ್ಲಿ ಒತ್ತಿದ ಹಾಗೆ. ತೊಟ್ಟಿನ ಸುತ್ತ ಕಪ್ಪು ಚುಕ್ಕಿ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಾಗೇ ಹಳದಿ. ಚಾಕು ತಗೊಂಡು ಕೊಯ್ದರೆ ಒಳಗೆ ರಸವೇ ಇಲ್ಲ, ತಿರುಳು ಹಿಟ್ಟು ಹಿಟ್ಟು. ಮೂಗಿಗೆ ಹಿಡಿದರೆ ವಾಸನೆಯೂ ಇಲ್ಲ.

"ನೋಡಪ್ಪಾ, ತಣ್ಣಗೇ ಆಗ್ತಿಲ್ಲ. ಆ ಗುಂಡಿ ಇನ್ನೊಂಚೂರು ಜಾಸ್ತಿ ಮಾಡು" ಅಂದರು.

"ಅಜ್ಜೀ, ತಣ್ಣಗಾಗಿದ್ದು ಜಾಸ್ತಿಯಾಗಿಯೇ ಹೀಗಾಗಿರೋದು" ಅಂದೆ.

"ಓಹೋ. ಬಂದಿದ್ದಕ್ಕೆ ಮುನ್ನೂರು ರೂಪಾಯಿ ತಗೋತೀಯ, ಫ್ರಿಜ್ ಸರಿಯಿದೆ ಅಂತೀಯ, ಟೊಮೆಟೊ ಆಚೆ ಇಡಿ ಅಂತೀಯ. ಚೆನ್ನಾಗಿದೆಯಪ್ಪ ನಿನ್ನ ವ್ಯಾಪಾರ!"

ಅವರು ಹೇಳಿದ್ದೂ ಸರಿಯೇ ಅನ್ನಿ. ಫ್ರಿಜ್ ರಿಪೇರಿಯವನು ಫ್ರಿಜ್‌ನಲ್ಲಿ ಇಡಬೇಡಿ ಅಂದರೆ ಯಾರಿಗಾದರೂ ಸಿಟ್ಟು ಬರುತ್ತೆ. ಆದರೆ ವಿಷಯ ಇರೋದೇ ಹಾಗೆ. ಟೊಮೆಟೊ ದಕ್ಷಿಣ ಅಮೆರಿಕದಿಂದ ಬಂದ ಗಿಡ, ಬೆಚ್ಚಗಿನ ಹವೆಗೆ ಒಗ್ಗಿದ್ದು. ಪೂರ್ತಿ ಹಣ್ಣಾಗದ ಟೊಮೆಟೊವನ್ನು 12–13 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇಟ್ಟರೆ ಅದಕ್ಕೆ ಚಳಿ ಏಟು ಬೀಳುತ್ತದೆ. ಒಳಗಿನ ಜೀವಕೋಶದ ಪೊರೆ ಹಾಳಾಗುತ್ತದೆ. ಹಣ್ಣಾಗುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಫ್ರಿಜ್ ಒಳಗಿದ್ದಾಗ ಇದು ಅಷ್ಟಾಗಿ ಕಾಣೋದಿಲ್ಲ. ಆಚೆ ತೆಗೆದಿಟ್ಟ ಮೇಲೆ ನೋಡಿ, ಗುಳಿ ಬೀಳುತ್ತೆ, ಬೂಸ್ಟು ಹತ್ತುತ್ತೆ, ಸಂಜೆಯೊಳಗೆ ಮೆತ್ತಗಾಗುತ್ತೆ. ಬಾಳೆಹಣ್ಣು ಫ್ರಿಜ್‌ನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಅದೂ ಇದೇ ಏಟು. ಬಾಳೆಹಣ್ಣಿನ ವಿಷಯದಲ್ಲಿ ಇರುವ ಬುದ್ಧಿ ಟೊಮೆಟೊ ವಿಷಯದಲ್ಲಿ ಯಾಕೆ ಇಲ್ಲವೋ!

ರುಚಿ ಹೋಗೋದು ನಮ್ಮ ಭ್ರಮೆಯೂ ಅಲ್ಲ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಒಂದು ವಾರ 5 ಡಿಗ್ರಿಯಲ್ಲಿಟ್ಟ ಟೊಮೆಟೊದಲ್ಲಿ ಸಿಹಿ, ಹುಳಿ ಹೆಚ್ಚುಕಡಿಮೆ ಹಾಗೇ ಇತ್ತಂತೆ. ಘಮ ಕೊಡುವ ಅಂಶಗಳು ಮಾತ್ರ ಕಮ್ಮಿಯಾಗಿದ್ದವು. ಅವನ್ನು ತಯಾರು ಮಾಡುವ ಜೀನ್‌ಗಳೇ ಚಳಿಗೆ ಮಂಕಾಗುತ್ತವೆ. ಆಮೇಲೆ ಆಚೆ ತೆಗೆದಿಟ್ಟರೂ ಹೋದ ಘಮ ಪೂರ್ತಿ ವಾಪಸ್ ಬರೋದಿಲ್ಲ. ಸಾರಿಗೆ ಹಾಕಿದರೆ ಈ ವ್ಯತ್ಯಾಸ ಗೊತ್ತಾಗದೇ ಇರಬಹುದು. ಹುಳಿ ಇರುತ್ತಲ್ಲ, ಜೊತೆಗೆ ಸಾರಿನ ಪುಡಿ, ಇಂಗು, ಒಗ್ಗರಣೆ ಎಲ್ಲಾ ಸೇರಿ ಕಾಪಾಡುತ್ತವೆ. ಆದರೆ ಹಸಿ ಟೊಮೆಟೊ ಹಚ್ಚಿ ಮೊಸರುಬಜ್ಜಿ ಮಾಡಿ ನೋಡಿ. ಚುರುಮುರಿಗೆ ಹಾಕಿ ನೋಡಿ. ಗೊತ್ತಾಗುತ್ತದೆ.

ಹಾಗಂತ ಫ್ರಿಜ್‌ನಲ್ಲಿ ಇಡಲೇಬಾರದು ಅಂತ ನಾನು ಹೇಳ್ತಿಲ್ಲ. ಪೂರ್ತಿ ಕೆಂಪಾಗಿ, ಮುಟ್ಟಿದರೆ ಸ್ವಲ್ಪ ಮೆತ್ತಗಾದ ಹಣ್ಣು ಚಳಿಯನ್ನು ಕಾಯಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಅದನ್ನು ಆಚೆ ಬಿಟ್ಟರೆ ನಾಳೆಗೆ ಒಡೆದು ಹೋಗುತ್ತದೆ ಅನ್ನುವ ಹಾಗಿದ್ದರೆ ಧಾರಾಳವಾಗಿ ಫ್ರಿಜ್‌ಗೆ ಇಡಿ. ಎರಡು ಮೂರು ದಿನದಲ್ಲಿ ಖರ್ಚು ಮಾಡಿ. ಸಿಂಗಲ್ ಡೋರ್ ಆದರೆ ಕೆಳಗಿನ ತರಕಾರಿ ಡಬ್ಬಿಯಲ್ಲಿ ಅಥವಾ ಬಾಗಿಲಿನ ಕಪಾಟಿನಲ್ಲಿ. ಫ್ರೀಜರ್ ಕೆಳಗಿನ ಟ್ರೇನಲ್ಲಿ ಬೇಡವೇ ಬೇಡ, ಅಲ್ಲಿ ಚಳಿ ಎಲ್ಲಕ್ಕಿಂತ ಜಾಸ್ತಿ. ಫ್ರಾಸ್ಟ್ ಫ್ರೀ ಆದರೆ ಹಿಂದಿನ ಗೋಡೆಯಲ್ಲಿ ತಣ್ಣನೆ ಗಾಳಿ ಬರುವ ಕಿಂಡಿ ಇರುತ್ತೆ, ಅದಕ್ಕೆ ತಾಗಿಸಿ ಇಡಬೇಡಿ, ಕೆಲವು ಸಲ ಗಡ್ಡೆಯೇ ಕಟ್ಟುತ್ತದೆ. ಹಸಿಯಾಗಿ ತಿನ್ನೋದಾದರೆ ಒಂದೆರಡು ಗಂಟೆ ಮುಂಚೆ ತೆಗೆದು ಆಚೆ ಇಡಿ.

ದೋರೆಗಾಯಿ ಮಾತ್ರ ಆಚೆಯೇ ಇರಲಿ. ನನ್ನ ಹೆಂಡತಿಯ ತವರು ಶ್ರೀನಿವಾಸಪುರ ತಾಲ್ಲೂಕು. ಮಾವಿನ ತೋಟದ ಪಕ್ಕದ ಹೊಲದಲ್ಲಿ ಭಾಮೈದ ಟೊಮೆಟೊ ಹಾಕುತ್ತಾನೆ. ಅವನು ಕಾಯಿ ಕೀಳುವಾಗ ಯಾವ ಊರಿನ ಲಾರಿಗೆ ಅಂತ ನೋಡಿ ಕೀಳುತ್ತಾನೆ. ದೂರದ ಊರಿಗಾದರೆ ತಳದಲ್ಲಿ ಚೂರೇ ಚೂರು ಬಣ್ಣ ತಿರುಗಿರಬೇಕು. ಬೆಂಗಳೂರಿಗಾದರೆ ಇನ್ನೂ ಕೆಂಪಾಗಿದ್ದರೂ ನಡೆಯುತ್ತೆ, ಕೋಲಾರದಿಂದ ಎಷ್ಟು ದೂರ, ಒಂದು ರಾತ್ರಿಯ ಮಾತು. ಗಿಡದಿಂದ ಕಿತ್ತ ಮೇಲೂ ಟೊಮೆಟೊ ಹಣ್ಣಾಗುತ್ತಲೇ ಇರುತ್ತದೆ. ತನ್ನದೇ ಗ್ಯಾಸ್ ಬಿಟ್ಟುಕೊಂಡು ತಾನೇ ಹಣ್ಣಾಗುತ್ತದೆ. ಗ್ಯಾಸ್ ಅಂದರೆ ನಾನು ಫ್ರಿಜ್‌ಗೆ ತುಂಬುವ ಗ್ಯಾಸ್ ಅಲ್ಲ ಮತ್ತೆ, ಎಥಿಲೀನ್. ಬಾಳೆಹಣ್ಣು, ಸೇಬು ಕೂಡ ಇದನ್ನೇ ಬಿಡುತ್ತವೆ. ಹಾಗಾಗಿ ಕಾಯಿ ಬೇಗ ಹಣ್ಣಾಗಬೇಕು ಅಂದರೆ ಬಾಳೆಹಣ್ಣಿನ ಜೊತೆ ಪೇಪರ್‌ನಲ್ಲಿ ಸುತ್ತಿಡಿ. ತಡವಾಗಲಿ ಅಂದರೆ ದೂರ ಇಡಿ. ಸೊಪ್ಪು, ಸೌತೆಕಾಯಿ ಪಕ್ಕ ಟೊಮೆಟೊ ಇಡಬೇಡಿ. ಈ ಗ್ಯಾಸ್‌ಗೆ ಸೊಪ್ಪು ಬೇಗ ಹಳದಿಯಾಗುತ್ತೆ, ಆಮೇಲೆ ಅದಕ್ಕೂ ನನಗೇ ಫೋನ್ ಬರುತ್ತೆ.

ಭಾಮೈದ ಹೇಳಿದ ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಟೊಮೆಟೊ ಸಿಪ್ಪೆಯಲ್ಲಿ ಉಸಿರಾಡುವ ರಂಧ್ರ ಇಲ್ಲ. ಮೇಣ ಹಚ್ಚಿದ ಹಾಗೆ ನುಣ್ಣಗಿರುತ್ತೆ. ತೊಟ್ಟು ಕಿತ್ತ ಜಾಗದಲ್ಲಿ ಒಂದು ಗಾಯ ಇರುತ್ತಲ್ಲ, ಒಳಗಿನ ತೇವ ಆಚೆ ಹೋಗೋದು, ಗಾಳಿ ಒಳಗೆ ಬರೋದು, ರೋಗ ಹೊಕ್ಕುವುದು ಬಹುಮಟ್ಟಿಗೆ ಅಲ್ಲಿಂದಲೇ. ಅದಕ್ಕೆ ತೊಟ್ಟಿನ ಕಡೆ ಕೆಳಗೆ ಮಾಡಿ ಬೋರಲು ಇಡಬೇಕು. ಚಪ್ಪಟೆ ತಟ್ಟೆಯ ಮೇಲೆ ಗಾಯ ಮುಚ್ಚಿಕೊಳ್ಳುತ್ತದೆ, ತೇವ ನಿಧಾನವಾಗಿ ಹೋಗುತ್ತದೆ, ಸುಕ್ಕು ಬೀಳೋದು ತಡವಾಗುತ್ತದೆ. ನಮ್ಮ ಮನೆಯಲ್ಲಿ ಹಳೇ ಮೊರದ ಮೇಲೆ ಪೇಪರ್ ಹಾಸಿ, ಒಂದೇ ಸಾಲಿಗೆ ಜೋಡಿಸುತ್ತೇವೆ. ನಿಮ್ಮ ಪತ್ರಿಕೆಯೇ, ಬೇಜಾರು ಮಾಡ್ಕೋಬೇಡಿ. ಒಂದರ ಮೇಲೊಂದು ಪೇರಿಸಬಾರದು. ಕೋಲಾರದ ಮಂಡಿಗೆ ಹೋಗುವ 15 ಕೆಜಿ ಬಾಕ್ಸ್‌ನಲ್ಲಿ ತಳದ ಕಾಯಿಗಳು ಮೊದಲೇ ಸಾಕಷ್ಟು ಭಾರ ಹೊತ್ತು ಬಂದಿರುತ್ತವೆ. ಮೇಲೆ ಏನೂ ಕಾಣದಿದ್ದರೂ ಒಳಗೆ ಜಜ್ಜಿರುತ್ತೆ.

ತೊಳೆಯೋದರ ಬಗ್ಗೆಯೂ ಈ ಗಾಯದ್ದೇ ಕತೆ. ಬಿಸಿಲಿನಲ್ಲಿದ್ದ ಟೊಮೆಟೊವನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಜಾಗದಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರಿನ ಜೊತೆ ಕ್ರಿಮಿಯೂ ಹೋಗುತ್ತದೆ. ತೊಳೆಯಬೇಡಿ ಅಂದರೆ ಮಣ್ಣು ತಿನ್ನಿ ಅಂತಲ್ಲ. ಅಡುಗೆಗೆ ತಗೊಳ್ಳುವಾಗ ತೊಳೆದರೆ ಆಯ್ತು.

ಆಚೆ ಇಡಿ ಅಂದರೆ ಎಲ್ಲಿ ಅನ್ನೋದು ಮನೆಯ ಮೇಲೆ ಹೋಗುತ್ತೆ. ಬೆಂಗಳೂರಿನವರಿಗೆ ಇದರಲ್ಲಿ ಅದೃಷ್ಟ ಚೆನ್ನಾಗಿದೆ. ಡಿಸೆಂಬರ್, ಜನವರಿ ರಾತ್ರಿ 15–16 ಡಿಗ್ರಿ ಇರುತ್ತೆ, ಹಗಲು 27–28. ಒಲೆಯಿಂದ ದೂರ, ಕಿಟಕಿ ಬಿಸಿಲು ಬೀಳದ ಕಡೆ ಇಟ್ಟರೆ ದೋರೆಗಾಯಿ ಒಂದು ವಾರ ಆರಾಮಾಗಿ ಇರುತ್ತೆ. ಮಳೆಗಾಲದಲ್ಲೂ ಪರವಾಗಿಲ್ಲ, ಗಾಳಿಯಾಡುವ ಜಾಗ ಇರಬೇಕಷ್ಟೇ. ತಾಪತ್ರಯ ಇರೋದು ಮಾರ್ಚ್‌ನಿಂದ ಮೇವರೆಗೆ. 2024ರ ಏಪ್ರಿಲ್ ನೆನಪಿದೆಯಲ್ವಾ, 38 ಡಿಗ್ರಿ ದಾಟಿತ್ತು. ಆ ತಿಂಗಳು ನನಗೆ ಊಟ ಮಾಡೋಕೂ ಪುರುಸೊತ್ತಿರಲಿಲ್ಲ, ಅಷ್ಟು ಫ್ರಿಜ್ ಕೆಟ್ಟಿದ್ದವು. 30 ಡಿಗ್ರಿ ಮೇಲೆ ಹೋದರೆ ಟೊಮೆಟೊದಲ್ಲಿ ಕೆಂಪು ಬಣ್ಣ ಸರಿಯಾಗಿ ಕೂರೋದಿಲ್ಲ. ಕಿತ್ತಳೆ ಬಣ್ಣಕ್ಕೇ ನಿಂತು ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಹಳದಿ ಟೊಮೆಟೊ ಕೊಟ್ಟ ಅಂತ ಗಾಡಿಯವನ ಜೊತೆ ಜಗಳ ಆಡುವವರು ಇದನ್ನು ತಿಳಿದಿದ್ದರೆ ಒಳ್ಳೇದು, ತಪ್ಪು ಬಿಸಿಲಿನದ್ದು.

ಮೇಲಿನ ಮಹಡಿಯವರಿಗೆ, ಶೀಟಿನ ಮನೆಯವರಿಗೆ ಬೇಸಿಗೆ ಇನ್ನೂ ಕಷ್ಟ. ನಮ್ಮದೂ ಶೀಟಿನ ಮನೆಯೇ. ನಾವು ಮಾಡೋದು ಇದು. ಅಗಲ ಬಾಯಿಯ ದೊಡ್ಡ ಮಣ್ಣಿನ ಮಡಕೆ, ಅದರೊಳಗೆ ಇನ್ನೊಂದು ಚಿಕ್ಕ ಮಡಕೆ, ಎರಡರ ಮಧ್ಯೆ ಮರಳು. ಮರಳಿಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸೋದು. ಟೊಮೆಟೊ ಒಳಗಿನ ಮಡಕೆಯಲ್ಲಿ, ಮೇಲೆ ಒದ್ದೆ ಬಟ್ಟೆ. ನೀರು ಆವಿಯಾಗುವಾಗ ಒಳಗಿನ ಶಾಖ ಎಳೆದುಕೊಂಡು ಹೋಗುತ್ತದೆ. ಫ್ರಿಜ್‌ನಲ್ಲೂ ನಡೆಯೋದು ಅದೇ, ಪೈಪಿನೊಳಗೆ ದ್ರವವಾಗಿದ್ದ ಗ್ಯಾಸ್ ಆವಿಯಾಗುತ್ತಾ ಒಳಗಿನ ಶಾಖ ಹೀರುತ್ತೆ. ಕಂಪ್ರೆಸರ್ ಅದನ್ನು ಒತ್ತುತ್ತೆ, ಶಾಖ ಆಚೆ ಹೋದ ಮೇಲೆ ಅದು ಮತ್ತೆ ದ್ರವವಾಗುತ್ತೆ. ಮಡಕೆಯಲ್ಲಿ ಕಂಪ್ರೆಸರ್ ಕೆಲಸವನ್ನು ನೀವೇ ಚೊಂಬಿನಲ್ಲಿ ಮಾಡ್ತೀರಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲೇ ಇದನ್ನು ಇಟ್ಟಿಗೆ, ಮರಳಿನಲ್ಲಿ ದೊಡ್ಡದಾಗಿ ಕಟ್ಟಿ ತೋರಿಸಿದ್ದರು, ರೈತರು ಹೊಲದಲ್ಲೇ ತರಕಾರಿ ತಂಪಾಗಿ ಇಡಲಿ ಅಂತ. ಫ್ರಿಜ್‌ನಷ್ಟು ತಣ್ಣಗಾಗೋದಿಲ್ಲ. ಟೊಮೆಟೊಗೆ ಬೇಕಾಗಿರೋದೂ ಅಷ್ಟು ತಣ್ಣಗಲ್ಲ. ಒಂದು ವಿಷಯ, ಮಳೆಗಾಲದಲ್ಲಿ ಇದು ನಡೆಯೋದಿಲ್ಲ. ಗಾಳಿಯಲ್ಲೇ ತೇವ ತುಂಬಿದ್ದರೆ ಮರಳಿನ ನೀರು ಎಲ್ಲಿಗೆ ಹೋಗಬೇಕು?

ಇಷ್ಟೆಲ್ಲಾ ಉಪಚಾರ ಹೈಬ್ರಿಡ್ ಟೊಮೆಟೊಗೆ. ನಾಟಿ ಟೊಮೆಟೊ ತಗೊಂಡರೆ ಸುಮ್ನೆ ಒಂದೆರಡು ದಿನದಲ್ಲಿ ತಿಂದು ಮುಗಿಸಿ. ಸಿಪ್ಪೆ ತೆಳು, ರಸ ಜಾಸ್ತಿ, ಅದು ಯಾರ ಮಾತೂ ಕೇಳೋದಿಲ್ಲ. ಸಾರಿಗೆ ಅದರ ಮುಂದೆ ಬೇರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಇಡೋಕೆ ಅಂತ ಕೊಳ್ಳುವುದಾದರೆ ಗಟ್ಟಿ ತಳಿ ಬೇಕು. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೇ ಮಾಡಿದ ಅರ್ಕಾ ರಕ್ಷಕ್ ಅಂತ ಒಂದಿದೆ. ಎಲೆ ಮುದುಡು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುತ್ತೆ ಅಂತ ರೈತರು ಅದನ್ನು ಹಾಕೋದು. ಹಣ್ಣು ಎರಡು ವಾರದ ಮೇಲೂ ಗಟ್ಟಿಯಾಗಿ ಇರುತ್ತೆ ಅಂತ ಸಂಸ್ಥೆ ಹೇಳುತ್ತದೆ. ಆದರೆ ಅಂಗಡಿಯಲ್ಲಿ ತಳಿ ಹೆಸರು ಬರೆದಿರೋದಿಲ್ಲವಲ್ಲ. ಹಾಗಾಗಿ ಕೈಯಲ್ಲಿ ಹಿಡಿದು ನೋಡೋದೊಂದೇ ದಾರಿ. ಹಿಡಿದು ನೋಡಿ, ಹಿಸುಕಬೇಡಿ. ನೀವು ಹಿಸುಕಿ ಬಿಟ್ಟಿದ್ದನ್ನು ಇನ್ನೊಬ್ಬರು ಮನೆಗೆ ಒಯ್ಯುತ್ತಾರೆ.

ಬೆಲೆ ಏರಿದಾಗ ಆಗುವ ಅವಾಂತರ ಬೇರೆ. 2023ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕೆಜಿ 100 ರೂಪಾಯಿ ದಾಟಿತ್ತು. ಕೋಲಾರದಲ್ಲಿ ಬಾಕ್ಸ್ 2,000ದ ಮೇಲೆ ಹೋಗಿತ್ತು. ಟೊಮೆಟೊ ತುಂಬಿದ ಗಾಡಿಯನ್ನೇ ಕದ್ದೊಯ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಾಳೆ ಇನ್ನೂ ಜಾಸ್ತಿ ಆಗುತ್ತೆ ಅಂತ ಹೆದರಿ ಜನ ಮೂರು ಕೆಜಿ, ಐದು ಕೆಜಿ ತಂದು ಫ್ರಿಜ್‌ಗೆ ತುಂಬಿದ್ದರು. ಕೂಲಿಂಗ್ ಕಂಪ್ಲೇಂಟೂ ಆಗಲೇ ಜಾಸ್ತಿ ಬಂದದ್ದು. ಜಾಸ್ತಿ ತಂದೇ ತರುತ್ತೀರಿ ಅಂದರೆ ಫ್ರೀಜರ್‌ಗೆ ಹಾಕಿ, ಕೆಳಗಿನ ಡಬ್ಬಿಗೆ ಬೇಡ. ಹಣ್ಣಾದದ್ದನ್ನು ತೊಳೆದು, ಒರೆಸಿ, ಇಡಿಯಾಗಿ ಡಬ್ಬದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಬೇಕಾದಾಗ ತೆಗೆದು ನಲ್ಲಿ ನೀರಿಗೆ ಹಿಡಿದರೆ ಸಿಪ್ಪೆ ತಾನಾಗೇ ಜಾರಿ ಬರುತ್ತೆ. ಹಸಿ ತಿನ್ನೋಕೆ ಆಗೋದಿಲ್ಲ, ನೀರು ನೀರಾಗಿರುತ್ತೆ. ಸಾರಿಗೆ, ಗೊಜ್ಜಿಗೆ, ಪಲಾವ್‌ಗೆ ಏನೂ ತೊಂದರೆಯಿಲ್ಲ. ಬೆಲೆ ಬಿದ್ದು ರೈತರು ರಸ್ತೆ ಬದಿ ಸುರಿಯುವ ಕಾಲದಲ್ಲೂ ಹೀಗೆ ನಾಲ್ಕು ಕೆಜಿ ತುಂಬಿಟ್ಟುಕೊಂಡರೆ ಅವರಿಗೂ ಒಳ್ಳೇದು, ನಿಮಗೂ ಒಳ್ಳೇದು.

ಇನ್ನು ನನ್ನ ಬೇಡಿಕೆ. ನಮ್ಮ ಬೀದಿಗೆ ತಳ್ಳುಗಾಡಿ ತರುವ ಅಕ್ಕ ಟೊಮೆಟೊ ತೂಗುವ ಮುಂಚೆ "ಇವತ್ತಿಗಾ, ವಾರಕ್ಕಾ?" ಅಂತ ಕೇಳುತ್ತಾರೆ. ಇವತ್ತಿಗೆ ಅಂದರೆ ಕೆಂಪು ಹಣ್ಣು, ವಾರಕ್ಕೆ ಅಂದರೆ ಅರ್ಧ ಕೆಂಪು, ಅರ್ಧ ದೋರೆಗಾಯಿ ಆರಿಸಿ ಹಾಕುತ್ತಾರೆ. ಕೆಂಪಾದದ್ದು ಮುಗಿಯುವ ಹೊತ್ತಿಗೆ ದೋರೆಗಾಯಿ ಹಣ್ಣಾಗಿರುತ್ತೆ. ಎಸಿ ಹಾಕಿರುವ ದೊಡ್ಡ ಅಂಗಡಿಗಳಲ್ಲಿ ಈ ಬುದ್ಧಿ ಇಲ್ಲ. ಎಲ್ಲಾ ಬೆರೆಸಿ ಒಂದೇ ರಾಶಿ. ಹಾಪ್‌ಕಾಮ್ಸ್ ಮಳಿಗೆಗಳು 1959ರಿಂದ ರೈತರ ಸಹಕಾರದಲ್ಲಿ ನಡೆದು ಬಂದಿವೆ, ನಗರದ ತುಂಬಾ ಇವೆ. ಅಲ್ಲಿ ಎರಡು ಬುಟ್ಟಿ ಮಾಡಿ, ಒಂದರ ಮೇಲೆ ‘ಇವತ್ತಿಗೆ’, ಇನ್ನೊಂದರ ಮೇಲೆ ‘ನಾಲ್ಕು ದಿನ ಬಿಟ್ಟು’ ಅಂತ ಬೋರ್ಡ್ ಹಾಕಿದರೆ ಖರ್ಚೇನೂ ಇಲ್ಲ. ಅವರು ಶುರು ಮಾಡಿದರೆ ಬೇರೆಯವರೂ ಮಾಡುತ್ತಾರೆ.

ಫ್ರಿಜ್ ಕಂಪನಿಗಳವರೂ ಸ್ವಲ್ಪ ಮನಸ್ಸು ಮಾಡಬೇಕು. ಜಾಹೀರಾತಿನಲ್ಲಿ ತರಕಾರಿ ಡಬ್ಬಿ ತೆರೆದರೆ ಮೊದಲು ಕಾಣೋದೇ ಹೊಳೆಯುವ ಟೊಮೆಟೊ. ಜೊತೆಗೆ ಬರುವ ಪುಸ್ತಕವನ್ನು ಯಾರೂ ಓದೋದಿಲ್ಲ, ಕನ್ನಡದಲ್ಲಿ ಇದ್ದರಲ್ಲವೇ ಓದೋದು. ಡಬ್ಬಿಯ ಮುಚ್ಚಳದ ಮೇಲೆ ಕನ್ನಡದಲ್ಲಿ ಒಂದು ಸ್ಟಿಕ್ಕರ್ ಅಂಟಿಸಲಿ: ಬಾಳೆಹಣ್ಣು, ಟೊಮೆಟೊ ಕಾಯಿ, ಆಲೂಗಡ್ಡೆ, ಈರುಳ್ಳಿ ಇಲ್ಲಿ ಬೇಡ. ನಾನಂತೂ ನನ್ನ ಗಿರಾಕಿಗಳ ಮನೆಯಲ್ಲಿ ಚೀಟಿ ಬರೆದು ಅಂಟಿಸಲು ಶುರು ಮಾಡಿದ್ದೇನೆ. ವಿಸಿಟ್ ಚಾರ್ಜ್ ಕಮ್ಮಿಯಾಗುತ್ತೆ ಅಂತ ನನ್ನ ಹುಡುಗ ಗೊಣಗುತ್ತಾನೆ.

ನಿಮ್ಮ ಪುರವಣಿಯವರು ಮುಂದಿನ ಸಲ ಟೊಮೆಟೊ ಬಗ್ಗೆ ಬರೆಯುವಾಗ ಹಣ್ಣು ಬೇರೆ, ದೋರೆಗಾಯಿ ಬೇರೆ, ಹೆಚ್ಚಿದ್ದು ಬೇರೆ ಅಂತ ಬಿಡಿಸಿ ಬರೆಯಲಿ. ಹೆಚ್ಚಿದ ಅರ್ಧ ಟೊಮೆಟೊವನ್ನು ಮಾತ್ರ ಎಲ್ಲರೂ ಕಟ್ಟೆ ಮೇಲೆ ಬಿಟ್ಟು ಮಲಗುತ್ತಾರೆ, ಬೆಳಿಗ್ಗೆ ಚಿತ್ರಾನ್ನಕ್ಕೆ ಆಗುತ್ತೆ ಅಂತ. ಅದು ಮುಚ್ಚಳ ಇರುವ ಡಬ್ಬಿಯಲ್ಲಿ ಫ್ರಿಜ್‌ಗೇ ಹೋಗಬೇಕು, ಮಾರನೇ ದಿನವೇ ಖರ್ಚಾಗಬೇಕು.

ಇಂತಿ,
ಒಬ್ಬ ಫ್ರಿಜ್ ಮೆಕ್ಯಾನಿಕ್
ಶ್ರೀರಾಮಪುರ, ಬೆಂಗಳೂರು